ಎರಡು ವಿಮಾನಗಳ ನಡುವಿನ ದೂರ 1000.27 ಎಂದು ಬಂದದ್ದೇಕೆ?

ಗೋಪುರದಿಂದ ಎರಡು ವಿಮಾನಗಳಿರುವ ದೂರ, ದಿಕ್ಕು, ಎತ್ತರಗಳನ್ನು ಕೊಟ್ಟು, ಅವುಗಳ ನಡುವಿನ ದೂರವನ್ನು ಸದಿಶಗಳಿಂದ (ಪರಿಮಾಣ, ದಿಕ್ಕು ಎರಡೂ ಇರುವ ರಾಶಿಗಳಿಂದ) ಲೆಕ್ಕ ಹಾಕಿದಾಗ 1000.27 ಬಂದದ್ದೇಕೆಂದು ಕೇಳಿದ್ದೀರಿ. ಇದಕ್ಕೆ ಕಾರಣ ಬಹುಮಟ್ಟಿಗೆ ಏಕಮಾನಗಳ ಬೆರಕೆ: ನೆಲದ ಮೇಲಿನ ದೂರವನ್ನು ಕಿಲೋಮೀಟರಿನಲ್ಲಿಯೂ ಎತ್ತರವನ್ನು ಮೀಟರಿನಲ್ಲಿಯೂ ಇಟ್ಟುಕೊಂಡೇ ವರ್ಗಗಳನ್ನು ಕೂಡಿದ್ದೀರಿ. ನಿಮ್ಮ ಸದಿಶ ವಿಧಾನದಲ್ಲಿ ತಪ್ಪಿಲ್ಲ.

ನೀವು ಕೊಟ್ಟಿರುವಂತೆ, ಗೋಪುರದಿಂದ ಮೊದಲ ವಿಮಾನ 20 ಕಿ.ಮೀ. ದೂರದಲ್ಲಿ, ಉತ್ತರದಿಂದ ಪ್ರದಕ್ಷಿಣವಾಗಿ 30 ಡಿಗ್ರಿ ದಿಕ್ಕಿನಲ್ಲಿ, 3000 ಮೀಟರ್ ಎತ್ತರದಲ್ಲಿದೆ; ಎರಡನೆಯದು 12 ಕಿ.ಮೀ. ದೂರದಲ್ಲಿ, 120 ಡಿಗ್ರಿಯಲ್ಲಿ, 2000 ಮೀಟರ್ ಎತ್ತರದಲ್ಲಿದೆ. ಮೊದಲು ಎತ್ತರಗಳನ್ನು 3 ಮತ್ತು 2 ಕಿ.ಮೀ. ಎಂದು ಬರೆದುಕೊಳ್ಳಿ. ಕೋನವನ್ನು ಉತ್ತರದಿಂದ ಅಳೆದಿರುವುದರಿಂದ ಪೂರ್ವದ ಘಟಕಕ್ಕೆ ಸೈನ್, ಉತ್ತರದ ಘಟಕಕ್ಕೆ ಕೊಸೈನ್ ಬಳಸಬೇಕು. (ಎರಡೂ ವಿಮಾನಗಳಿಗೆ ಇವು ಅದಲುಬದಲಾದರೆ ದಿಕ್ಕು ಕೆಡುತ್ತದೆಯೇ ಹೊರತು ದೂರ ಕೆಡುವುದಿಲ್ಲ, ಒಂದಕ್ಕೆ ಮಾತ್ರ ಆದರೆ ದೂರವೂ ಕೆಡುತ್ತದೆ.) ಹೀಗೆ ಪೂರ್ವ, ಉತ್ತರ, ಎತ್ತರ ಎಂಬ ಕ್ರಮದಲ್ಲಿ ಸ್ಥಾನ ಸದಿಶಗಳು (10, 17.32, 3) ಮತ್ತು (10.39, −6, 2) ಆಗುತ್ತವೆ. ಎರಡನೆಯದರಿಂದ ಮೊದಲನೆಯದನ್ನು ಘಟಕವಾರು ಕಳೆಯಿರಿ, −6ರಿಂದ 17.32 ಕಳೆದಾಗ −23.32 ಬರುತ್ತದೆಂಬುದನ್ನು ಗಮನಿಸಿ, ಚಿಹ್ನೆ ಇಲ್ಲಿಯೇ ತಪ್ಪುವುದು ಹೆಚ್ಚು. ವ್ಯತ್ಯಾಸ (0.39, −23.32, −1), ಅದರ ಪರಿಮಾಣ (ಘಟಕಗಳ ವರ್ಗಗಳ ಮೊತ್ತದ ವರ್ಗಮೂಲ) √545, ಅಂದರೆ ಸುಮಾರು 23.35 ಕಿ.ಮೀ.

ತಾಳೆ ನೋಡುವುದೂ ಸುಲಭ: ಎರಡು ದಿಕ್ಕುಗಳ ನಡುವೆ ಸರಿಯಾಗಿ 90 ಡಿಗ್ರಿ ಇರುವುದರಿಂದ 400, 144 ಮತ್ತು ಎತ್ತರದ ವ್ಯತ್ಯಾಸದ 1 ಕೂಡಿದರೆ ಅದೇ 545 ಸಿಗುತ್ತದೆ.

ಒಂದು ಸಂದೇಹ ಉಳಿಯುತ್ತದೆ. 20 ಮತ್ತು 12 ಕಿ.ಮೀ. ನೆಲದ ಮೇಲಿನ ದೂರವೋ, ರೇಡಾರ್ ಅಳೆಯುವ ಓರೆ ದೂರವೋ (ವಿಮಾನದವರೆಗಿನ ನೇರ ದೂರವೋ) ಎಂಬುದು ನಿಮ್ಮ ಪ್ರಶ್ನೆಯಿಂದ ಸ್ಪಷ್ಟವಾಗುವುದಿಲ್ಲ. ಓರೆ ದೂರವಾಗಿದ್ದರೆ ಘಟಕಗಳನ್ನು ಬಿಡಿಸುವ ಮೊದಲು, ದೂರದ ವರ್ಗದಿಂದ ಎತ್ತರದ ವರ್ಗ ಕಳೆದು, ಅವುಗಳನ್ನು √391 ಮತ್ತು √140 ಎಂದು ಬದಲಿಸಿಕೊಳ್ಳಿ. ಆಗ ವಿಮಾನಗಳ ನಡುವಿನ ದೂರ ಸುಮಾರು 23.07 ಕಿ.ಮೀ. ಆಗುತ್ತದೆ.