ಕೌದಿಯ ಮೇಲೆ ಫೆಲ್ಟ್ ಹೊಲಿಯಬಹುದೇ?

ಪ್ರಶ್ನೆ: ಹಳೆಯ ಹತ್ತಿ ಸೀರೆಗಳನ್ನು ಸೇರಿಸಿ ಮೊಮ್ಮಗಳಿಗೆಂದು ಕೌದಿ ಹೊಲಿಯುತ್ತಿದ್ದೇನೆ. ನೇಯದೆ ಎಳೆಗಳನ್ನು ಒತ್ತಿ ಮಾಡಿದ ಫೆಲ್ಟ್ ಹಾಳೆಯಲ್ಲಿ ಆನೆ, ಗಿಳಿಗಳನ್ನು ಕತ್ತರಿಸಿ ಅದರ ಮೇಲೆ ಕೂರಿಸಬೇಕೆಂಬ ಆಸೆಯಿದೆ. ಒಗೆದರೆ ಹಾಳಾಗುವುದೇ? ಉಳಿದ ಫೆಲ್ಟನ್ನು ಒಳಪದರವಾಗಿ ಹಾಕಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮಲ್ಲಿರುವ ಫೆಲ್ಟ್ ಯಾವುದರಿಂದ ಮಾಡಿದ್ದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಅಂಚಿನಿಂದ ಒಂದೆರಡು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿದರೆ ಉಣ್ಣೆಯದು ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುವ ಬೂದಿ ಉಳಿಸುತ್ತದೆ; ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್ ಕರಗಿ, ಆರಿದ ಮೇಲೆ ಗಟ್ಟಿ ಗುಂಡಾಗುತ್ತದೆ. ಅಂಗಡಿಯ ಅಗ್ಗದ ಹಾಳೆಗಳು ಬಹುತೇಕ ಎರಡನೆಯ ಬಗೆಯವು.

ಫೆಲ್ಟ್ ನೇಯ್ದ ಬಟ್ಟೆಯಲ್ಲ. ಉಣ್ಣೆಯ ಎಳೆಗಳ ಮೇಲಿನ ಸೂಕ್ಷ್ಮ ಹುರುಪೆಗಳು ಬಿಸಿನೀರು, ಸೋಪು ಮತ್ತು ಉಜ್ಜಾಟದಿಂದ ಒಂದಕ್ಕೊಂದು ಸಿಕ್ಕಿಕೊಂಡು ದಟ್ಟವಾದಾಗ ಉಣ್ಣೆಯ ಫೆಲ್ಟ್ ತಯಾರಾಗುತ್ತದೆ. ಕಾಶ್ಮೀರದ ನಮ್ದಾ ಹಾಸುಗಳನ್ನು ಮಾಡುವುದೂ ಹೀಗೆಯೇ. ಹಾಸು ಹೊಕ್ಕುಗಳಿಲ್ಲದ ಕಾರಣ ಕತ್ತರಿಸಿದ ಅಂಚಿನಲ್ಲಿ ನೂಲು ಬಿಚ್ಚುವುದಿಲ್ಲ, ಆನೆಯ ಸೊಂಡಿಲಿನ ತಿರುವನ್ನೂ ಅಂಚು ಮಡಚದೆ ಹಾಗೆಯೇ ಹೊಲಿಯಬಹುದು. ಆದರೆ ಅದೇ ಕಾರಣಕ್ಕೆ ಎಳೆತವನ್ನು ತಾಳುವ ಶಕ್ತಿಯೂ ಕಡಿಮೆ. ತುದಿಗೆ ತೀರಾ ಹತ್ತಿರ ಹಾಕಿದ ಹೊಲಿಗೆ ಫೆಲ್ಟನ್ನು ಸೀಳಿಕೊಂಡು ಈಚೆ ಬರುತ್ತದೆ. ಆದ್ದರಿಂದ ಸೂಜಿಯನ್ನು ಅಂಚಿನಿಂದ ಸುಮಾರು 3–4 ಮಿಲಿಮೀಟರ್ ಒಳಗೆ ಇಳಿಸಿ ಬ್ಲಾಂಕೆಟ್ ಸ್ಟಿಚ್ (ನೂಲು ಅಂಚಿನುದ್ದಕ್ಕೂ ಕುಣಿಕೆಯಾಗಿ ಕೂರುವ ಹೊಲಿಗೆ) ಹಾಕಿ.

ಉಣ್ಣೆಯ ಫೆಲ್ಟ್ ಬಿಸಿನೀರಿನಲ್ಲಿ ಮತ್ತಷ್ಟು ಕುಗ್ಗಿ, ಸುತ್ತಲಿನ ಹತ್ತಿಯನ್ನು ಸುಕ್ಕುಗಟ್ಟಿಸುತ್ತದೆ. 10 ಸೆಂಟಿಮೀಟರ್ ಚೌಕದ ತುಂಡೊಂದರ ಗಡಿಯನ್ನು ಕಾಗದದ ಮೇಲೆ ಗುರುತಿಸಿ, ಕೌದಿಯನ್ನು ಒಗೆಯುವ ರೀತಿಯಲ್ಲೇ ಅದನ್ನು ಬಿಳಿ ಬಟ್ಟೆಯೊಂದಿಗೆ ಒಗೆದು ಒಣಗಿಸಿ, ಮತ್ತೆ ಅದೇ ಗಡಿಯ ಮೇಲಿಟ್ಟು ನೋಡಿ. ಎಷ್ಟು ಕುಗ್ಗಿತು, ಬಣ್ಣ ಬಿಟ್ಟಿತೇ ಎಂಬುದೆರಡೂ ಆಗಲೇ ತಿಳಿಯುತ್ತದೆ. ಕೆಂಪು ಮತ್ತು ಕಡುನೀಲಿಯ ಬಗ್ಗೆ ವಿಶೇಷ ಎಚ್ಚರವಿರಲಿ. ಪಾಲಿಯೆಸ್ಟರ್ ಅಷ್ಟಾಗಿ ಕುಗ್ಗದಿದ್ದರೂ ತಿಕ್ಕಾಟಕ್ಕೆ ಜುಂಗು ಏಳುತ್ತದೆ, ಇಸ್ತ್ರಿ ಬಿಸಿಯಾಗಿದ್ದರೆ ಕರಗಿ ಅಂಟಿಕೊಳ್ಳುತ್ತದೆ. ಮೇಲೊಂದು ಹತ್ತಿ ಬಟ್ಟೆ ಹಾಸಿ, ಕಡಿಮೆ ಕಾವಿನಲ್ಲಿ ಒತ್ತಬೇಕು.

ಒಳಪದರಕ್ಕೆ ಮಾತ್ರ ಫೆಲ್ಟ್ ಬೇಡವೇ ಬೇಡ. ಅದು ಬಿರುಸಾಗಿರುತ್ತದೆ, ಮೈಗೆ ಒಗ್ಗಿ ಬಾಗುವುದಿಲ್ಲ. ಕೈಹೊಲಿಗೆಯ ಸೂಜಿಯೂ ಅದರಲ್ಲಿ ಸಲೀಸಾಗಿ ಓಡದು. ಕೌದಿಗೆ ಮೆದುತನ ಬರುವುದೇ ಒಗೆದೊಗೆದು ನವೆದ ಸೀರೆಗಳ ಪದರಗಳಿಂದ. ಬೇಕಿದ್ದರೆ ಇನ್ನೊಂದು ಸೀರೆ ಸೇರಿಸಿ. ಮಗು ದಿನವೂ ಹೊದೆಯುವ, ಬಾಯಿಗೂ ಹಾಕಿಕೊಳ್ಳುವ ಕೌದಿಯಾದ್ದರಿಂದ ಆನೆ, ಗಿಳಿಗಳನ್ನೂ ಹತ್ತಿಯ ತೇಪೆಗಳಲ್ಲೇ ಮಾಡುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ತಂದ ಫೆಲ್ಟ್ ವ್ಯರ್ಥವಾಗುವುದಿಲ್ಲ. ಪದೇ ಪದೇ ಒಗೆಯಬೇಕಿಲ್ಲದ ಗೋಡೆಯ ತೂಗುಪಟ, ಸೂಜಿ ಚುಚ್ಚಿಡುವ ಪುಸ್ತಕ, ಕನ್ನಡಕದ ಚೀಲ ಇವಕ್ಕೆಲ್ಲ ಅದು ಚೆನ್ನಾಗಿ ಒದಗುತ್ತದೆ.