ಬೀಟ್ ಮಾರಿದಿರಿ ಸರಿ, ಮಾರಿದ್ದೇನು?

ಮನೆಯಲ್ಲೇ ಕುಳಿತು ಬೀಟ್ (ಹಾಡಿನ ಹಿನ್ನೆಲೆ ಸಂಗೀತ) ಕಟ್ಟಿ ರ್‍ಯಾಪರ್‌ಗಳಿಗೆ, ಗಾಯಕರಿಗೆ ಕೊಡುವವರ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಬಂದ ಪತ್ರಗಳಲ್ಲಿ ಹೆಚ್ಚಿನವು ದುಡ್ಡಿನ ಬಗ್ಗೆ. ಆದರೆ ತಕರಾರು ಹುಟ್ಟಿರುವುದೆಲ್ಲ ಕಾಗದ ಇಲ್ಲದ ಕಡೆ. ಹಾಗಾಗಿ ಅಲ್ಲಿಂದಲೇ ಶುರು.

ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ಒಂದು ಬೀಟನ್ನು ₹2,000ಕ್ಕೆ ಒಬ್ಬ ರ್‍ಯಾಪರ್‌ಗೆ ಕೊಟ್ಟೆ. ಈಗ ಅದನ್ನೇ ಇನ್ನೊಬ್ಬರು ಕೇಳುತ್ತಿದ್ದಾರೆ. ಮೊದಲಿನವರು 'ದುಡ್ಡು ಕೊಟ್ಟಿದ್ದೇನೆ, ಅದು ನನ್ನದು' ಎನ್ನುತ್ತಾರೆ. ಯಾರು ಸರಿ? — ಓದುಗ, ದಾವಣಗೆರೆ

ದುಡ್ಡು ಕೊಟ್ಟ ಮಾತ್ರಕ್ಕೆ ಬೀಟ್ ಅವರದಾಗುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಕೊಡುವವರ ಸಹಿ ಇರಬೇಕು. ಬರೀ ಬಳಕೆಯ ಪರವಾನಗಿಯಾದರೂ ಬರಹದಲ್ಲೇ ಇರಬೇಕು ಎನ್ನುತ್ತದೆ 30ನೇ ಸೆಕ್ಷನ್. ಆದರೆ ನಿಮ್ಮ ಚಾಟನ್ನು ಮೇಲಿನಿಂದ ಒಮ್ಮೆ ಓದಿ. 'ಇನ್ಯಾರಿಗೂ ಕೊಡಲ್ಲ ಬ್ರೋ' ಎಂದು ನೀವೇ ಬರೆದಿದ್ದರೆ ಅದು ನಿಮ್ಮ ವಿರುದ್ಧವೇ ಸಾಕ್ಷಿ. ಹಾಗೇನೂ ಬರೆದಿಲ್ಲವಾದರೆ ಎರಡನೆಯವರಿಗೆ ಕೊಡುವ ಮುನ್ನ ಮೊದಲಿನವರಿಗೆ ಒಂದು ಪುಟದ ಲೀಸ್ ಪತ್ರ (ಬಳಕೆಯ ಪರವಾನಗಿ) ಕಳಿಸಿ, ಒಪ್ಪಿಗೆ ತರಿಸಿಕೊಳ್ಳಿ.

ಆ ಒಂದು ಪುಟದಲ್ಲಿ ಅವಧಿ ಮತ್ತು ಪ್ರದೇಶವನ್ನು ಮರೆಯಲೇಬಾರದು. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಭಾವಿಸುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಸೀಮಿತ ಎನ್ನುತ್ತದೆ. ಸ್ಪಾಟಿಫೈಗೆ ಹೋದ ಹಾಡು ಜಗತ್ತಿಗೆಲ್ಲ ಕೇಳುತ್ತದಾದ್ದರಿಂದ 'ಭಾರತ ಮಾತ್ರ' ಎಂಬುದು ಇಬ್ಬರಿಗೂ ತೊಡಕು. 'ಜಗತ್ತಿನಾದ್ಯಂತ, 3 ವರ್ಷ' ಎಂದು ನೀವೇ ಬರೆದುಬಿಡಿ. ಮಿಕ್ಕಿದ್ದು: ಬೀಟಿನ ಹೆಸರು, ಬಿಪಿಎಂ (ನಿಮಿಷಕ್ಕೆ ಎಷ್ಟು ತಾಳ), ಕೀ (ಶ್ರುತಿ), ಕೊಟ್ಟ ಫೈಲುಗಳ ಪಟ್ಟಿ, ಒಂದೇ ಹಾಡಿಗೆ ಬಳಕೆ, ಸ್ಟ್ರೀಮ್‌ಗಳ ಮಿತಿ ಮತ್ತು ಅದು ದಾಟಿದರೆ ಕಟ್ಟಬೇಕಾದ ಮೊತ್ತ, ವಿಡಿಯೊ ಎಷ್ಟು, ವೇದಿಕೆಯಲ್ಲಿ ಹಾಡಬಹುದೇ, ನಿಮ್ಮ ಹೆಸರು ಎಲ್ಲೆಲ್ಲಿ, ಯಾವ ಕಾಗುಣಿತದಲ್ಲಿ ಬರಬೇಕು, ಬೀಟನ್ನು ಹಾಗೆಯೇ ಮರುಮಾರಾಟ ಮಾಡುವಂತಿಲ್ಲ, ಕಂಟೆಂಟ್ ಐಡಿಗೆ (ಒಂದೇ ಧ್ವನಿ ಎಲ್ಲೆಲ್ಲಿದೆ ಎಂದು ಹುಡುಕುವ ಯೂಟ್ಯೂಬಿನ ವ್ಯವಸ್ಥೆ) ಹಾಕುವಂತಿಲ್ಲ. ಕೊನೆಯದು ಏಕೆಂದು ಮುಂದೆ ನೋಡೋಣ. 'ಇದು ಎಕ್ಸ್‌ಕ್ಲೂಸಿವ್ ಅಲ್ಲ, ಇತರರಿಗೂ ಕೊಡಲಾಗುವುದು' ಎಂಬ ಸಾಲು ಮಾತ್ರ ದಪ್ಪಕ್ಷರದಲ್ಲಿರಲಿ.

ಲೀಸ್‌ಗೆ ಎಷ್ಟು ಹಂತ ಇಡಬೇಕು? ಯಾವುದಕ್ಕೆ ಯಾವ ಫೈಲ್? ಸ್ಟೆಮ್ (ಒಂದೊಂದು ವಾದ್ಯದ ಬೇರೆ ಬೇರೆ ಫೈಲ್) ಕೊಟ್ಟಾಗಲೆಲ್ಲ 'ನಿಮ್ಮ ಬೀಟಿನ ಹಾಗೆ ಕೇಳುತ್ತಿಲ್ಲ' ಎಂಬ ದೂರು ಬರುತ್ತಿದೆ. — ಓದುಗ, ಹುಬ್ಬಳ್ಳಿ

ಮೂರು ಹಂತ ಸಾಕು. ಮೊದಲನೆಯದಕ್ಕೆ 320 ಕೆಬಿಪಿಎಸ್ ಎಂಪಿ3; ಎರಡನೆಯದಕ್ಕೆ 24 ಬಿಟ್ ವೇವ್ (WAV); ಮೂರನೆಯದಕ್ಕೆ ವೇವ್ ಜೊತೆ ಸ್ಟೆಮ್‌ಗಳು. ಎಕ್ಸ್‌ಕ್ಲೂಸಿವ್‌ಗೆ ಬೆಲೆಪಟ್ಟಿಯೇ ಬೇಡ, ಅದು ಮಾತುಕತೆಯ ವಿಷಯ. ಐದಾರು ಹಂತ ಇಟ್ಟ ಅಂಗಡಿಗಳಲ್ಲಿ ಕೊಳ್ಳುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸುಮ್ಮನೆ ಅತಿ ಅಗ್ಗದ್ದನ್ನು ಒತ್ತುತ್ತಾರೆ. ಪ್ರದರ್ಶನಕ್ಕಿಡುವ ಪ್ರತಿಯಲ್ಲಿ 20–30 ಸೆಕೆಂಡಿಗೊಮ್ಮೆ ನಿಮ್ಮ ಟ್ಯಾಗ್ (ನಿಮ್ಮ ಹೆಸರು ಹೇಳುವ ದನಿ) ಬರಲಿ, ಮುಖ್ಯವಾಗಿ ಹುಕ್ (ಪಲ್ಲವಿ) ಜಾಗದ ಮೇಲೆ. ಇಂಟ್ರೊದಲ್ಲಿ ಮಾತ್ರ ಟ್ಯಾಗ್ ಇದ್ದರೆ ಕತ್ತರಿಸಿಕೊಂಡು ಹೋಗುವುದು ಸುಲಭ.

ಸ್ಟೆಮ್ ದೂರಿಗೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ನಿಮ್ಮ ಬೀಟಿನ ಗದ್ದಲವೆಲ್ಲ ಮಾಸ್ಟರ್ ಚಾನೆಲ್ಲಿನಲ್ಲಿ ಧ್ವನಿಯನ್ನು ಒತ್ತಿ ಜೋರಾಗಿಸುವ ಲಿಮಿಟರ್‌ನಿಂದ ಬಂದದ್ದು. ಸ್ಟೆಮ್ ತೆಗೆಯುವಾಗ ಅದನ್ನು ಬಿಟ್ಟಿರಬೇಕು, ಬಿಡುತ್ತೀರಿ. ಆಗ ಬೀಟ್ ಸಪ್ಪೆ ಎನಿಸುತ್ತದೆ. ಲಿಮಿಟರ್ ಆಫ್ ಮಾಡಿದ ಮೇಲೆ ಮಿಕ್ಸಿನ ಪೀಕ್ –6 ಡಿಬಿ ಆಸುಪಾಸಿಗೆ ತಂದು, ಅದೇ ಮಟ್ಟದಲ್ಲಿ ಸ್ಟೆಮ್ ತೆಗೆಯಿರಿ. ಜೊತೆಗೆ ಮಾಸ್ಟರ್ ಮಾಡಿದ ಪ್ರತಿಯನ್ನೂ 'ಹೀಗೆ ಕೇಳಬೇಕು' ಎಂದು ಕಳಿಸಿ. ಎರಡನೆಯದು ಸೈಡ್‌ಚೈನ್. ಕಿಕ್ ಡ್ರಮ್ ಬಡಿದಾಗ 808 (ಆಳದ ಬೇಸ್) ತಗ್ಗುವಂತೆ ಮಾಡಿದ್ದೀರಿ. ಆದರೆ 808 ಟ್ರ್ಯಾಕನ್ನು ಸೋಲೊ ಮಾಡಿ ಎಕ್ಸ್‌ಪೋರ್ಟ್ ಮಾಡಿದರೆ ಕಿಕ್ ಮ್ಯೂಟ್ ಆಗಿ ಆ ತಗ್ಗುವಿಕೆಯೇ ಮಾಯವಾಗುತ್ತದೆ. ಒಂದೊಂದನ್ನೇ ಸೋಲೊ ಮಾಡುವ ಬದಲು ಎಲ್ಲ ಟ್ರ್ಯಾಕುಗಳನ್ನೂ ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಬಳಸಿ. ಎಫ್ಎಲ್ ಸ್ಟುಡಿಯೊ ತಂತ್ರಾಂಶದಲ್ಲಿ ಅದು ಸ್ಪ್ಲಿಟ್ ಮಿಕ್ಸರ್ ಟ್ರ್ಯಾಕ್ಸ್.

ಎಲ್ಲ ಸ್ಟೆಮ್ಮೂ ಒಂದೇ ಬಿಂದುವಿನಿಂದ ಶುರುವಾಗಿ ಒಂದೇ ಉದ್ದ ಇರಲಿ, ಕೊನೆಯಲ್ಲಿ ರಿವರ್ಬಿನ ಬಾಲ ತುಂಡಾಗದಿರಲಿ. ಕಳಿಸುವ ಮುನ್ನ ಹೀಗೆ ಪರೀಕ್ಷಿಸಿ: ಹೊಸ ಪ್ರಾಜೆಕ್ಟಿನಲ್ಲಿ ಎಲ್ಲ ಸ್ಟೆಮ್‌ಗಳನ್ನು ಸೊನ್ನೆಯಿಂದ ಜೋಡಿಸಿ, ಲಿಮಿಟರ್ ಇಲ್ಲದ ಪೂರ್ಣ ಮಿಕ್ಸನ್ನು ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗಾಗಿಸಿ) ಜೊತೆಗೆ ನುಡಿಸಿ. ಬಹುಪಾಲು ಮೌನ ಬರಬೇಕು. ಕೋರಸ್‌ನಂಥ ಅಲೆದಾಡುವ ಎಫೆಕ್ಟುಗಳು ಅಲ್ಪಸ್ವಲ್ಪ ಉಳಿಯುತ್ತವೆ, ಪರವಾಗಿಲ್ಲ. ಇಡೀ ಹೈ‌ಹ್ಯಾಟೇ ಕೇಳಿದರೆ ಅದು ಸ್ಟೆಮ್‌ಗಳಲ್ಲಿ ಬಿಟ್ಟುಹೋಗಿದೆ ಎಂದೇ ಅರ್ಥ. ಫೈಲಿನ ಹೆಸರಿನಲ್ಲೇ ಬೀಟ್, ವಾದ್ಯ, ಬಿಪಿಎಂ, ಕೀ ಇರಲಿ.

ಬೀಟ್ ನನ್ನದೇ. ಲೀಸ್ ಕೊಟ್ಟ ಮೇಲೆ ನನ್ನದೇ ಚಾನೆಲ್‌ಗೆ ಯೂಟ್ಯೂಬ್ ಕ್ಲೇಮ್ (ಹಕ್ಕು ಬೇರೆಯವರದೆಂಬ ನೋಟಿಸು) ಬಂದಿದೆ! ಲೀಸ್ ಪಡೆದ ಇನ್ನೂ ಇಬ್ಬರಿಗೆ ಬಂದಿದೆ. ಹೇಗೆ? — ಓದುಗ, ಮೈಸೂರು

ಲೀಸ್ ಪಡೆದವರಲ್ಲಿ ಒಬ್ಬರು ತಮ್ಮ ಹಾಡನ್ನು ವಿತರಣಾ ಸಂಸ್ಥೆಯ ಮೂಲಕ ಬಿಡುಗಡೆ ಮಾಡುವಾಗ ಕಂಟೆಂಟ್ ಐಡಿ ಕಾಲಮ್ಮಿಗೆ ಟಿಕ್ ಹಾಕಿದ್ದಾರೆ. ಆಗ ಅವರ ಹಾಡೇ ಮಾದರಿ ಫೈಲ್ ಆಗುತ್ತದೆ. ಯಂತ್ರಕ್ಕೆ ದನಿ ಯಾವುದು, ಬೀಟ್ ಯಾವುದು ಎಂಬ ಗೊಡವೆಯಿಲ್ಲ. ಹೊಂದಿಕೆ ಸಿಕ್ಕ ಕಡೆಯೆಲ್ಲ ಕ್ಲೇಮ್ ಬೀಳುತ್ತದೆ. ತಮಗೆ ಎಕ್ಸ್‌ಕ್ಲೂಸಿವ್ ಹಕ್ಕು ಇಲ್ಲದ ಧ್ವನಿಯನ್ನು ಕಂಟೆಂಟ್ ಐಡಿಗೆ ಹಾಕುವುದು ಯೂಟ್ಯೂಬಿನ ನಿಯಮಕ್ಕೇ ವಿರುದ್ಧ, ಆದ್ದರಿಂದ ನಿಮ್ಮ ಪಕ್ಷ ಗಟ್ಟಿಯಾಗಿದೆ.

ಮೊದಲು ಆ ಗಾಯಕರಿಗೇ ಹೇಳಿ, ವಿತರಕರಿಂದ ಆ ಮಾದರಿಯನ್ನು ವಾಪಸ್ ತೆಗೆಸಿ. ಇದರಿಂದ ಮೂವರ ಕ್ಲೇಮೂ ಒಟ್ಟಿಗೆ ಬಿದ್ದುಹೋಗುತ್ತದೆ. ಅವರು ಸ್ಪಂದಿಸದಿದ್ದರೆ ಡಿಸ್ಪ್ಯೂಟ್ (ಯೂಟ್ಯೂಬಿಗೆ ಆಕ್ಷೇಪಣೆ) ಹಾಕಿ, ಲೀಸ್ ಪತ್ರದ ದಿನಾಂಕ ಮತ್ತು ಷರತ್ತನ್ನು ಉಲ್ಲೇಖಿಸಿ. ಎದುರಿನವರಿಗೆ ಉತ್ತರಿಸಲು 30 ದಿನ ಇರುತ್ತದೆ. ಸುಮ್ಮನಿದ್ದರೆ ಕ್ಲೇಮ್ ತಾನಾಗಿ ಹೋಗುತ್ತದೆ. ಹಣ ಬರುವ ವಿಡಿಯೊ ಆಗಿದ್ದರೆ ಕ್ಲೇಮ್ ಬಂದ 5 ದಿನದೊಳಗೆ ಡಿಸ್ಪ್ಯೂಟ್ ಹಾಕುವುದು ಜಾಣತನ. ಆಗ ಮೊದಲ ದಿನದಿಂದಲೂ ಆದಾಯವನ್ನು ಯಾರಿಗೂ ಕೊಡದೆ ತಡೆದಿಡುತ್ತಾರೆ.

ಇದರ ಇನ್ನೊಂದು ಮುಖ: ನೀವೇ ಬೀಟನ್ನು ಇನ್‌ಸ್ಟ್ರುಮೆಂಟಲ್ ಆಲ್ಬಮ್ ಆಗಿ ಬಿಟ್ಟು ಕಂಟೆಂಟ್ ಐಡಿ ಹಾಕಿದರೆ, ದುಡ್ಡು ಕೊಟ್ಟ ಗಿರಾಕಿಗಳ ಮೇಲೆಲ್ಲ ಕ್ಲೇಮ್ ಹಾಕಿದಂತಾಗುತ್ತದೆ. ಲೀಸ್‌ಗಿಟ್ಟ ಬೀಟಿಗೆ ಅದು ಬೇಡವೇ ಬೇಡ.

ಹಳೆಯ ಕನ್ನಡ ಹಾಡಿನ 5 ಸೆಕೆಂಡ್ ಸ್ಯಾಂಪಲ್ ಮಾಡಿ ಬೀಟ್ ಕಟ್ಟಿದ್ದೇನೆ. ಅಷ್ಟು ಚಿಕ್ಕದಕ್ಕೆ ತೊಂದರೆ ಇಲ್ಲವಂತಲ್ಲ? ಶರೀಫರ ತತ್ವಪದ ಬಳಸಬಹುದೇ? — ಓದುಗಿ, ಹಾವೇರಿ

ಇಷ್ಟು ಸೆಕೆಂಡಿನವರೆಗೆ ಪುಕ್ಕಟೆ ಎಂಬ ನಿಯಮ ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ರೆಕಾರ್ಡಿಂಗ್‌ನಿಂದ ತುಣುಕು ಎತ್ತಿದರೆ ಎರಡು ಅನುಮತಿ ಬೇಕು: ಧ್ವನಿಮುದ್ರಣದ ಒಡೆಯರದ್ದೊಂದು, ರಾಗಸಂಯೋಜನೆಯ (ಸಾಹಿತ್ಯ ಕೇಳಿದರೆ ಅದರದ್ದೂ) ಹಕ್ಕುದಾರರದ್ದೊಂದು. ಅದೇ ಮೆಲೊಡಿಯನ್ನು ನೀವೇ ಕೀಬೋರ್ಡಿನಲ್ಲಿ ಮತ್ತೆ ನುಡಿಸಿದರೆ ಮೊದಲನೆಯದು ತಪ್ಪುತ್ತದೆ, ಎರಡನೆಯದು ತಪ್ಪುವುದಿಲ್ಲ.

ಶಿಶುನಾಳ ಶರೀಫರು ತೀರಿದ್ದು 1889ರಲ್ಲಿ. ಅವರ ಪದಗಳು ಎಲ್ಲರ ಸೊತ್ತು. ಆದರೆ ನಿಮ್ಮ ಕಿವಿಯಲ್ಲಿರುವ ಧಾಟಿ ಬಹುಶಃ ಸಿ. ಅಶ್ವತ್ಥ್ ಅವರದ್ದು. ಅವರು 2009ರಲ್ಲಿ ತೀರಿಕೊಂಡರು, ಸಂಯೋಜಕರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಪದ ತೆಗೆದುಕೊಳ್ಳಿ, ಧಾಟಿ ನೀವೇ ಕಟ್ಟಿ. ಬೇಂದ್ರೆಯವರ ಕವಿತೆಯ ಲೆಕ್ಕ ಬೇರೆ: ಅವರು ತೀರಿದ್ದು 1981ರಲ್ಲಿ, ಸಾಹಿತ್ಯದ ಹಕ್ಕೇ 2041ರ ಕೊನೆಯವರೆಗೆ ಇದೆ.

ಸ್ಯಾಂಪಲ್ ಹೇಳದೆ ಬೀಟ್ ಮಾರುವುದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಉದಾಹರಣೆ, ರ್‍ಯಾಪರ್ ಲಿಲ್ ನ್ಯಾಸ್ ಎಕ್ಸ್ 2019ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿಸಿದ 'ಓಲ್ಡ್ ಟೌನ್ ರೋಡ್' ಹಾಡು. ಅದರ ಬೀಟನ್ನು ಅವರು ಡಚ್ ನಿರ್ಮಾಪಕ ಯಂಗ್‌ಕಿಯೊ ಅವರಿಂದ ಬೀಟ್‌ಸ್ಟಾರ್ಸ್ ತಾಣದಲ್ಲಿ 30 ಡಾಲರ್‌ಗೆ ಕೊಂಡಿದ್ದರು. ಒಳಗಿದ್ದದ್ದು ನೈನ್ ಇಂಚ್ ನೇಲ್ಸ್ ತಂಡದ ತುಣುಕು. ಅನುಮತಿ ಆಮೇಲೆ ಪಡೆಯಬೇಕಾಯಿತು, ಆ ತಂಡದ ಟ್ರೆಂಟ್ ರೆಜ್ನರ್ ಮತ್ತು ಆಟಿಕಸ್ ರಾಸ್ ಅವರ ಹೆಸರು ಹಾಡಿನ ರಚನಕಾರರ ಸಾಲಿಗೆ ಸೇರಿತು. ಅಲ್ಲಿ ಸುಖಾಂತ್ಯವಾಯಿತು. ಎಲ್ಲ ಲೇಬಲ್ಲುಗಳೂ ಅಷ್ಟು ಉದಾರಿಗಳಲ್ಲ.

ಸ್ಪ್ಲೈಸ್‌ನಂಥ ತಾಣಗಳಲ್ಲಿ ಸಿಗುವ ಸಿದ್ಧ ಲೂಪ್‌ಗಳಿಗೆ ಈ ಭಯವಿಲ್ಲ, ಬೇರೊಂದಿದೆ. ಅದೇ ಲೂಪ್ ಬೇರೆಯವರ ಬಳಿಯೂ ಇರುತ್ತದೆ. ಬೀಟಿನ ಮುಖ್ಯ ಮೆಲೊಡಿಯೇ ಲೂಪ್ ಆಗಿದ್ದರೆ ಅದನ್ನು ಎಕ್ಸ್‌ಕ್ಲೂಸಿವ್ ಎಂದು ಮಾರಬೇಡಿ, ಇಲ್ಲವೇ ಕರಾರಿನಲ್ಲಿ ಹೇಳಿಬಿಡಿ. ಡೊಳ್ಳು, ತಮಟೆಯವರನ್ನು ಕರೆಸಿ ನುಡಿಸಿಕೊಂಡಿದ್ದರೆ ಅವರಿಗೂ ಕಲಾವಿದರ ಹಕ್ಕು ಇದೆ; ಸಂಭಾವನೆ ಕೊಡುವಾಗಲೇ ಧ್ವನಿಮುದ್ರಣ ಮತ್ತು ವಾಣಿಜ್ಯ ಬಳಕೆಗೆ ಸಹಿ ಪಡೆಯಿರಿ.

ಒಂದು ಕಂಪನಿ ₹25,000 ಕೊಟ್ಟು 'ಎಲ್ಲ ಹಕ್ಕು, ಶಾಶ್ವತವಾಗಿ, ರಾಯಲ್ಟಿ ಇಲ್ಲ' ಎಂಬ ಕರಾರು ಕಳಿಸಿದೆ. ಸಹಿ ಹಾಕಲೇ? — ಓದುಗ, ಬೆಂಗಳೂರು

ಬೀಟಿನೊಳಗೆ ಎರಡು ಹಕ್ಕುಗಳಿವೆ: ಧ್ವನಿಮುದ್ರಣ ಮತ್ತು ಸಂಗೀತ ಕೃತಿ. ಮೊದಲನೆಯದನ್ನು ಪೂರ್ತಿ ಮಾರಬಹುದು. ಎರಡನೆಯದರ ಹಕ್ಕು ಕೊಟ್ಟರೂ, 2012ರ ತಿದ್ದುಪಡಿಯ ನಂತರ ಸಂಯೋಜಕರು ತಮ್ಮ ಪಾಲಿನ ರಾಯಲ್ಟಿಯನ್ನು ಬಿಟ್ಟುಕೊಡುವಂತೆಯೇ ಇಲ್ಲ. ಹಕ್ಕು ಕೊಂಡವರೊಂದಿಗೆ ಸಮಪಾಲು ಅವರದ್ದು. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸೊಸೈಟಿಗೆ ಮಾತ್ರ ಅದನ್ನು ವಹಿಸಬಹುದು. ಹಾಗಾಗಿ 'ರಾಯಲ್ಟಿ ಇಲ್ಲ' ಎಂಬ ಸಾಲನ್ನು ಹೊಡೆದುಹಾಕಿ ಎಂದು ಹೇಳಲು ಸಂಕೋಚ ಬೇಡ. ನಂತರ ಸಂಯೋಜಕರ, ಗೀತರಚನಕಾರರ ಅಂಥ ಸೊಸೈಟಿಯಾದ ಐಪಿಆರ್‌ಎಸ್ ಸದಸ್ಯತ್ವ ಪಡೆದು ಆ ಕೃತಿಯನ್ನು ನೋಂದಾಯಿಸಿ. ಸಾಹಿತ್ಯ ಬರೆದವರ ಜೊತೆ 50–50 ಹಂಚಿಕೆ ರೂಢಿ. ಗಾಯಕರೇ ಮೆಲೊಡಿ ಹಾಕಿದ್ದರೆ ಸಂಗೀತದಲ್ಲೂ ಅವರಿಗೆ ಪಾಲು. ಹಾಡು ಬರುವ ಮುನ್ನವೇ ಶೇಕಡಾವಾರು ಬರೆದುಕೊಳ್ಳಿ.

ಹಿಂದೆ ಕೊಟ್ಟ ಲೀಸ್‌ಗಳ ಪಟ್ಟಿಯನ್ನು, ಮುಗಿಯುವ ದಿನಾಂಕದ ಸಮೇತ, ಕರಾರಿಗೆ ಲಗತ್ತಿಸಿ. ಎಕ್ಸ್‌ಕ್ಲೂಸಿವ್ ಆದರೂ ಅವು ತಮ್ಮ ಅವಧಿ ಮುಗಿಸುತ್ತವೆ. ಸಹಿಯಾದ ದಿನವೇ ಅಂಗಡಿಯಿಂದ ಬೀಟ್ ಇಳಿಸಿ. ಮತ್ತೊಂದು ಮಾತು: ಹಕ್ಕು ಪಡೆದವರು ಒಂದು ವರ್ಷ ಅದನ್ನು ಬಳಸದಿದ್ದರೆ ವರ್ಗಾವಣೆ ಬಿದ್ದುಹೋಗುತ್ತದೆ ಎನ್ನುತ್ತದೆ ಕಾಯ್ದೆ, ಕರಾರು ಬೇರೆ ರೀತಿ ಹೇಳದಿದ್ದರೆ. ನಿಮಗೆ ಬಂದಿರುವಂಥ ಕರಾರುಗಳಲ್ಲಿ ಇದನ್ನು ರದ್ದು ಮಾಡುವ ಸಾಲು ಎಲ್ಲೋ ಮೂಲೆಯಲ್ಲಿರುತ್ತದೆ. ಹುಡುಕಿ.

ವಿದೇಶದವರು ಕೊಂಡರೆ ಹಣ ಹೇಗೆ? — ಓದುಗ, ಮಂಗಳೂರು

ಪೇಪಾಲ್ ಭಾರತದೊಳಗಿನ ಪಾವತಿಯನ್ನು 2021ರ ಏಪ್ರಿಲ್‌ನಲ್ಲಿ ನಿಲ್ಲಿಸಿತು, ಹೊರಗಿನಿಂದ ಬರುವುದು ನಡೆಯುತ್ತದೆ. ಹಾಗಾಗಿ ಊರಿನವರಿಗೆ ಯುಪಿಐ, ಹೊರಗಿನವರಿಗೆ ಪೇಪಾಲ್ ಅಥವಾ ಬ್ಯಾಂಕ್ ವರ್ಗಾವಣೆ. ಎರಡಕ್ಕೂ ಇನ್‌ವಾಯ್ಸ್ ಇರಲಿ. ಅಮೆರಿಕದ ತಾಣಗಳು ತೆರಿಗೆ ಫಾರ್ಮ್ ಕೇಳಿದಾಗ ಡಬ್ಲ್ಯು-8ಬೆನ್ ತುಂಬಿ, ಪ್ಯಾನ್ ಸಂಖ್ಯೆ ಕೊಟ್ಟು, ಭಾರತದೊಂದಿಗಿನ ಒಪ್ಪಂದದ ಲಾಭ ಕೇಳಿ. ಅಲ್ಲಿನ ಮೂಲದ ರಾಯಲ್ಟಿಗೆ 30% ಬದಲು 15% ಕಡಿತವಾಗುತ್ತದೆ. ಆ ಕಡಿತದ ದಾಖಲೆ ಎತ್ತಿಡಿ, ಇಲ್ಲಿ ರಿಟರ್ನ್ ಸಲ್ಲಿಸುವಾಗ ಬೇಕು.

ಬೀಟ್‌ಗೆ ಕಾಪಿರೈಟ್ ನೋಂದಣಿ ಕಡ್ಡಾಯವೇ? — ಓದುಗಿ, ಶಿವಮೊಗ್ಗ

ಇಲ್ಲ. ಹಕ್ಕು ಸೃಷ್ಟಿಯ ಜೊತೆಗೇ ಹುಟ್ಟುತ್ತದೆ. ನೋಂದಣಿ ಸಾಕ್ಷ್ಯಕ್ಕೆ: ಸಂಗೀತ ಕೃತಿಗೆ ₹500, ಧ್ವನಿಮುದ್ರಣಕ್ಕೆ ₹2,000 ಶುಲ್ಕ, ಅರ್ಜಿಯ ಮೇಲೆ ಆಕ್ಷೇಪಣೆಗೆ 30 ದಿನ ಕಾಯುತ್ತಾರೆ. ಪ್ರತಿ ಬೀಟಿಗೂ ಮಾಡಿಸಿದರೆ ಖರ್ಚು ಗಿಟ್ಟುವುದಿಲ್ಲ. ಪ್ರಾಜೆಕ್ಟ್ ಫೈಲ್‌ಗಳನ್ನು ದಿನಾಂಕ ಸಮೇತ ಎರಡು ಕಡೆ ಉಳಿಸಿಡಿ. ಎಕ್ಸ್‌ಕ್ಲೂಸಿವ್ ಹೋಗುವಂಥದ್ದಕ್ಕೆ ಮಾತ್ರ ನೋಂದಣಿ ಮಾಡಿಸಿ.

ನನಗೆ 16 ವರ್ಷ. ಲೀಸ್ ಪತ್ರಕ್ಕೆ ನಾನೇ ಸಹಿ ಹಾಕಬಹುದೇ? — ವಿದ್ಯಾರ್ಥಿ, ಕಲಬುರಗಿ

ಬೀಟಿನ ಹಕ್ಕು ನಿನ್ನದೇ, ಅದಕ್ಕೆ ವಯಸ್ಸು ಅಡ್ಡಿಯಿಲ್ಲ. ಆದರೆ 18 ತುಂಬದವರ ಕರಾರು ಊರ್ಜಿತವಾಗುವುದಿಲ್ಲ. ಅಪ್ಪ ಅಥವಾ ಅಮ್ಮ ಪಾಲಕರಾಗಿ ಸಹಿ ಹಾಕಲಿ, ಹಣ ಅವರ ಖಾತೆಗೋ ನಿನ್ನ ಮೈನರ್ ಖಾತೆಗೋ ಬರಲಿ. ಬೀಟ್ ಕಟ್ಟಿದವರ ಹೆಸರಿನ ಜಾಗದಲ್ಲಿ ಮಾತ್ರ ನಿನ್ನ ಹೆಸರೇ ಇರಬೇಕು.