ಬದುಕು ನಡೆಸೋದು ಹಣೆಬರಹವೋ, ನಮ್ಮ ಆಯ್ಕೆಯೋ?

ಎರಡೂ ಹೌದು, ಆದರೆ ಸಮಪಾಲಲ್ಲ. ಯಾವ ಮನೆಯಲ್ಲಿ ಹುಟ್ಟಿದೆವು, ಅಪ್ಪನ ಕೈಯಲ್ಲಿ ದುಡ್ಡಿತ್ತೋ ಸಾಲವಿತ್ತೋ, ಇದನ್ನು ಯಾರೂ ಆರಿಸಿಕೊಂಡು ಬಂದಿಲ್ಲ. ಈ ಪಾಲು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ. "ಕಷ್ಟಪಟ್ಟರೆ ಎಲ್ಲಾ ಸಿಗುತ್ತೆ" ಅನ್ನುವವರು ಇದನ್ನು ಮರೆತೇಬಿಡುತ್ತಾರೆ.

ಆದರೆ ಒಮ್ಮೆ ವೆಸ್ಟ್ ಇಂಡೀಸ್ ವಿರುದ್ಧದ 2002ರ ಆಂಟಿಗಾ ಕ್ರಿಕೆಟ್ ಟೆಸ್ಟ್ ನೆನಪಿಸಿಕೊಳ್ಳಿ. ಬ್ಯಾಟ್ ಮಾಡುತ್ತಿದ್ದ ಅನಿಲ್ ಕುಂಬ್ಳೆಗೆ ಮರ್ವಿನ್ ಡಿಲ್ಲನ್ ಅವರ ಬೌನ್ಸರ್ ಬಡಿದು ದವಡೆ ಮುರಿಯಿತು. ಅದು ಗ್ರಹಚಾರ ಅನ್ನಿ, ಒಪ್ಪುತ್ತೇನೆ. ಹೇಗಿದ್ದರೂ ಆಪರೇಷನ್‌ಗೆ ಬೆಂಗಳೂರಿಗೆ ಹೊರಡಬೇಕಿತ್ತು. ಸುಮ್ನೆ ಮಲಗಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಗದ್ದದಿಂದ ನೆತ್ತಿಯವರೆಗೆ ಬ್ಯಾಂಡೇಜ್ ಸುತ್ತಿಕೊಂಡು ಮೈದಾನಕ್ಕಿಳಿದರು. 14 ಓವರ್ ಹಾಕಿದರು, ಎದುರಾಳಿಗಳ ಸ್ಟಾರ್ ಬ್ಯಾಟ್ಸ್‌ಮನ್ ಬ್ರಯಾನ್ ಲಾರಾರನ್ನು ಎಲ್‌ಬಿಡಬ್ಲ್ಯೂ ಔಟ್ ಮಾಡಿದರು. ಪಂದ್ಯ ಗೆದ್ದೆವಾ? ಇಲ್ಲ, ಡ್ರಾ ಆಯಿತು. ಆದರೂ ಇಂದಿಗೂ ಜನ ಮಾತಾಡುವುದು ಆ ಬ್ಯಾಂಡೇಜಿನ ಬಗ್ಗೆಯೇ ಅಲ್ವಾ?

ನಮ್ಮಜ್ಜಿಯೂ "ಹಣೇಲಿ ಬರೆದದ್ದು ತಪ್ಪಲ್ಲ" ಅಂತ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಹಾಗಂತ ನಾನು ಗಣಿತದಲ್ಲಿ ಫೇಲಾದಾಗ ಬ್ರಹ್ಮನನ್ನು ಬೈಯಲಿಲ್ಲ, ನನಗೇ ಬೈದರು.